ಗೋಡೆ ಗಡಿಯಾರ, ಮೈಯೊಳಗಿನ ಗಡಿಯಾರ

ಇವತ್ತು ರಾಜಕೀಯ ಬೇಡ, ನಮ್ಮ ಮನೆಯ ಸುದ್ದಿಯನ್ನೇ ಹೇಳ್ತೀನಿ.

ಮಗ ಎಸ್ಸೆಸ್ಸೆಲ್ಸಿ. ರಾತ್ರಿ ಹನ್ನೊಂದೂವರೆಗೆ ಮಲಗೋ ಹುಡುಗನನ್ನ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸ್ತಿದ್ದೆ. ನಮ್ಮಪ್ಪ ನನ್ನನ್ನ ಹಾಗೇ ಎಬ್ಬಿಸ್ತಿದ್ದರು. ಇವನು ಪುಸ್ತಕದ ಮೇಲೇ ತೂಕಡಿಸ್ತಿದ್ದ. ಸೋಮಾರಿ ಅಂತ ಬೈದೆ. ಒಂದು ದಿನ ಕೇಳಿಯೇಬಿಟ್ಟ: "ಅಪ್ಪಾ, ನೀನು ಒಂಬತ್ತರ ತನಕ ಮಲಗ್ತೀಯಲ್ಲ, ನಿನ್ನನ್ನ ಯಾರೂ ಸೋಮಾರಿ ಅನ್ನಲ್ವಾ?"

ರಾತ್ರಿ ಕಾರ್ಯಕ್ರಮ ಮುಗಿಸಿ ಒಂದು ಗಂಟೆಗೆ ಮನೆ ಸೇರುವವನು ನಾನು. ಸ್ಟುಡಿಯೋದಲ್ಲಿ ಎಲ್ಲರನ್ನೂ ಪ್ರಶ್ನೆ ಕೇಳುವ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಮೈಯೊಳಗೂ ಒಂದು ಗಡಿಯಾರ ಇದೆ ವೀಕ್ಷಕರೇ. ಅದು ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಹದಿಹರೆಯದಲ್ಲಿ ಈ ಗಡಿಯಾರ ಹಿಂದಕ್ಕೆ ಸರಿಯುತ್ತದೆ, ನಿದ್ದೆ ಬರೋದೇ ತಡ. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಾನು ಕೊಡ್ತಿದ್ದದ್ದು ನಾಲ್ಕೂವರೆ!

ಅಪ್ಪ-ಮಗ ಒಂದು ವಾರ ನೋಟ್‌ಬುಕ್ ಇಟ್ಟೆವು. ಯಾವ ಹೊತ್ತಲ್ಲಿ ತಲೆ ಚುರುಕು, ಯಾವ ಹೊತ್ತಲ್ಲಿ ಮಂಕು, ಬರೆದುಕೊಂಡೆವು. ಅವನ ಒಳ್ಳೆಯ ಹೊತ್ತು ಸಂಜೆ ಆರರಿಂದ ಎಂಟೂವರೆ. ಆ ಹೊತ್ತಲ್ಲಿ ಟ್ಯೂಷನ್ ಬಸ್ಸಲ್ಲಿ ಕೂತಿರ್ತಿದ್ದ. ನನ್ನದು ಬೆಳಿಗ್ಗೆ ಹನ್ನೊಂದರಿಂದ ಒಂದು. ಅದನ್ನ ವಾಟ್ಸಾಪ್ ತಿಂತಿತ್ತು. ಸ್ಕ್ರಿಪ್ಟ್ ಬರೀತಿದ್ದದ್ದು ಊಟ ಆದ ಮೇಲೆ, ಆಕಳಿಸ್ತಾ.

ಟ್ಯೂಷನ್ ಬಿಡಿಸಿದೆ. ಸಂಜೆ ಗಣಿತ, ಮಧ್ಯಾಹ್ನದ ಮಂಕಲ್ಲಿ ನೋಟ್ಸ್ ಕಾಪಿ, ರಾತ್ರಿ ಹತ್ತಕ್ಕೆ ದೀಪ ಆರಿಸೋದು. ನಾನು ಒಂದು ಗಂಟೆಯವರೆಗೆ ಫೋನ್ ಮುಟ್ಟಲ್ಲ. ಪವಾಡ ಏನೂ ಆಗಿಲ್ಲ. ಮನೆಯಲ್ಲಿ ಬೈಗುಳ ನಿಂತಿದೆ, ಗಣಿತದ ಲೆಕ್ಕ ಮುಗೀತಿದೆ.

ಆದರೆ ಒಂದು ಮಾತು. ಹೊತ್ತು ಆರಿಸಿಕೊಳ್ಳೋ ಭಾಗ್ಯ ಎಲ್ಲರಿಗೂ ಇಲ್ಲ. ರಾತ್ರಿ ಪಾಳಿಯ ನರ್ಸ್, ರಾತ್ರಿ ಬಸ್ಸಿನ ಡ್ರೈವರ್, ನಡುರಾತ್ರಿ ತ್ರೀಫೇಸ್ ಬಂತು ಅಂತ ಬ್ಯಾಟರಿ ಹಿಡಿದು ಹಾವು-ಚೇಳಿನ ನಡುವೆ ಪಂಪ್‌ಸೆಟ್ ಹಾಕೋಕೆ ಹೋಗೋ ರೈತ... ಇವರಿಗೆ ಟೈಂಟೇಬಲ್ ಹಾಕುವವರು ಬೇರೆ. ಹಗಲು ಕರೆಂಟ್ ಕೊಡಿ ಅಂತ ರೈತ ಕೇಳುವುದು ಭಿಕ್ಷೆಯಲ್ಲ. ಮೈಗೆ ಸಲ್ಲಬೇಕಾದ ನಿದ್ದೆಯನ್ನ ಕೇಳ್ತಿದ್ದಾನೆ.

ನಾಳೆ ಮಕ್ಕಳನ್ನ ಬೈದು ಎಬ್ಬಿಸೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: "ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ, ಕಂದಾ?"

ಶುಭರಾತ್ರಿ. ಬೇಗ ಮಲಗಿ.