ಕಿವಿಗೆ ಒಪ್ಪಿದ್ದೆಲ್ಲ ಸರಿಯೇ?



ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಉದ್ಯೋಗಕ್ಕಾಗಿ ಬರೆದ ಅರ್ಜಿಯನ್ನು ತಿದ್ದಿಸಿಕೊಳ್ಳಲು ನನ್ನ ಬಳಿ ತಂದಳು. ಕೊನೆಯ ಸಾಲು ಹೀಗಿತ್ತು: ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯೂ’. ‘ಟು’ ಆದ ಮೇಲೆ ‘ಮೀಟ್’ ಎಂದೇ ಬರಬೇಕಲ್ಲವೇ ಎಂದುಕೊಂಡು ನಾನು ‘ಇಂಗ್’ ಅನ್ನು ಹೊಡೆದುಹಾಕಿದೆ. ಮರುದಿನ ಆಕೆ ನಿಘಂಟನ್ನೇ ಹಿಡಿದು ಬಂದು, ‘ಸರ್, ಇದರಲ್ಲಿ ಬೇರೆ ರೀತಿ ಇದೆಯಲ್ಲಾ’ ಎಂದಳು. ನೋಡಿದೆ, ತಪ್ಪು ನನ್ನದೇ ಆಗಿತ್ತು. ಆಕೆ ನನ್ನ ಮಾತನ್ನು ಹಾಗೆಯೇ ನಂಬಿದ್ದರೆ ಸರಿಯಾಗಿದ್ದ ಅರ್ಜಿಯೊಂದು ತಪ್ಪಾಗಿ ಅಂಚೆ ಪೆಟ್ಟಿಗೆ ಸೇರುತ್ತಿತ್ತು.

ನಾನು ಎಡವಿದ್ದೆಲ್ಲಿ? ‘ಹೋಪ್ ಟು ಮೀಟ್’, ‘ವಾಂಟ್ ಟು ಮೀಟ್’ ಎಂದು ಕೇಳಿ ಕೇಳಿ ಕಿವಿ ಅದಕ್ಕೆ ಒಗ್ಗಿಹೋಗಿತ್ತು. ಆದರೆ ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿನ ‘ಟು’ ಪ್ರಿಪೊಸಿಷನ್. ಇದನ್ನು ಗುರುತಿಸಲು ಸುಲಭವಾದ ಉಪಾಯವಿದೆ. ಕ್ರಿಯಾಪದದ ಜಾಗದಲ್ಲಿ ಒಂದು ನಾಮಪದವನ್ನಿಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸರಿಹೊಂದುತ್ತದೆ. ‘ಐ ಹೋಪ್ ಟು ಯುವರ್ ರಿಪ್ಲೈ’ ಹೊಂದುವುದಿಲ್ಲ. ಇಂಥ ‘ಟು’ ನಂತರ ನಾಮಪದ ಹೊಂದಿದರೆ, ಅಲ್ಲಿ ಬರುವ ಕ್ರಿಯಾಪದಕ್ಕೆ ಸಾಮಾನ್ಯವಾಗಿ ‘ಇಂಗ್’ ಬೇಕು.

ನಮ್ಮ ಕೆಲವು ತಪ್ಪುಗಳಿಗೆ ತಾಯ್ನುಡಿಯ ರೂಢಿಯೂ ಕಾರಣ. ಕನ್ನಡದಲ್ಲಿ ‘ಸಮಸ್ಯೆಯ ಬಗ್ಗೆ ಚರ್ಚಿಸಿದೆವು’ ಎನ್ನುತ್ತೇವೆ. ಆ ‘ಬಗ್ಗೆ’ಯನ್ನು ಇಂಗ್ಲಿಷಿಗೂ ಎಳೆದುಕೊಂಡು ‘ಡಿಸ್ಕಸ್ಡ್ ಅಬೌಟ್ ದ ಪ್ರಾಬ್ಲಂ’ ಎಂದು ಬರೆಯುತ್ತೇವೆ. ‘ಡಿಸ್ಕಸ್ಡ್ ದ ಪ್ರಾಬ್ಲಂ’ ಎಂದರೆ ಸಾಕು. ಆದರೆ ‘ಡಿಸ್ಕಷನ್’ ಎಂಬ ನಾಮಪದದ ನಂತರ ‘ಅಬೌಟ್’ ಬರಬಹುದು. ಇನ್ನು ‘ಕೋಪ್ ಅಪ್ ವಿತ್’ ಎಂಬುದು ‘ಕೀಪ್ ಅಪ್ ವಿತ್’ ಎಂಬುದನ್ನು ಹೋಲುವುದರಿಂದ ನಮಗೆ ಸರಿ ಎನಿಸುತ್ತದೆ. ಸರಿಯಾದ ರೂಪ ‘ಕೋಪ್ ವಿತ್’ ಮಾತ್ರ.

ಹಾಗಾದರೆ ಅನುಮಾನ ಬಂದಾಗ ಪರೀಕ್ಷಿಸುವುದು ಹೇಗೆ? ಪದಗುಚ್ಛದ ಮುಖ್ಯ ಪದವನ್ನು ಆರಿಸಿಕೊಂಡು ನಿಘಂಟಿನಲ್ಲಿ ತೆಗೆಯಿರಿ. ಅರ್ಥವನ್ನಷ್ಟೇ ಓದಿ ಮುಚ್ಚಿಡಬೇಡಿ. ಅದರ ಕೆಳಗಿನ ಉದಾಹರಣೆ ವಾಕ್ಯಗಳನ್ನು ಓದಿ. ಕಲಿಯುವವರಿಗೆಂದೇ ಇಂಥ ನಿಘಂಟುಗಳಿವೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಅವರು ತಮ್ಮ ಸಹೋದ್ಯೋಗಿಗಳೊಂದಿಗೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಒಂದು ಪದದ ಅರ್ಥವೇನು ಎಂಬುದರ ಜೊತೆಗೆ, ಅದು ವಾಕ್ಯದಲ್ಲಿ ಯಾವ ಪದಗಳೊಡನೆ ಹೇಗೆ ಕೂಡುತ್ತದೆ ಎಂಬುದನ್ನೂ ತೋರಿಸುವುದು ಅದರ ಹೆಚ್ಚುಗಾರಿಕೆ. ಇಂದು ಅದೇ ಪರಂಪರೆಯ ನಿಘಂಟು ನಿಮ್ಮ ಮೊಬೈಲಿನಲ್ಲೂ ದೊರೆಯುತ್ತದೆ.

ಇನ್ನೊಂದು ಮಾತು. ನಮ್ಮ ಬಳಕೆ ಬೇರೆಯಾಗಿದ್ದ ಮಾತ್ರಕ್ಕೆ ಅದು ತಪ್ಪಾಗಬೇಕಿಲ್ಲ. ‘ಪ್ರಿಪೋನ್’ ಎಂಬ ಪದಕ್ಕೆ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಸ್ಥಾನವಿದೆ; ಅದು ಭಾರತೀಯ ಇಂಗ್ಲಿಷ್ ಎಂಬ ಸೂಚನೆಯೂ ಇದೆ. ನಮ್ಮವರಿಗೆ ಬರೆಯುವಾಗ ಅದು ಸಲ್ಲುತ್ತದೆ. ಹೊರದೇಶದ ವಿಶ್ವವಿದ್ಯಾಲಯಕ್ಕೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ಎನ್ನುವುದು ಲೇಸು.

ನೀವು ಈಚೆಗೆ ಬರೆದ ಒಂದು ಪತ್ರವನ್ನೋ ಪ್ರಬಂಧವನ್ನೋ ಇಂದು ಸಂಜೆ ಕೈಗೆತ್ತಿಕೊಳ್ಳಿ. ಅದರಲ್ಲಿ ‘ಇದು ಸರಿಯೇ ಇರಬೇಕು’ ಎಂದುಕೊಂಡು ಬರೆದ ಒಂದು ಪದಗುಚ್ಛವನ್ನು ನಿಘಂಟಿನಲ್ಲಿ ನೋಡಿ. ತಿದ್ದಿಕೊಟ್ಟವರು ಅಧ್ಯಾಪಕರೇ ಆಗಿದ್ದರೂ ಅನುಮಾನ ಬಂದರೆ ವಿನಯದಿಂದ ಕೇಳಿ. ಅಂದು ನನ್ನ ವಿದ್ಯಾರ್ಥಿನಿ ಕೇಳಿದ್ದರಿಂದ ಅವಳ ಅರ್ಜಿ ಉಳಿಯಿತು. ನಾನೂ ಒಂದು ಪಾಠ ಕಲಿತೆ.