ಕಾಲಿನೊಳಗಿನ ಇರುವೆಗಳು

ಮದುವೆಮನೆಯ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದೀರಿ. ಹೋಳಿಗೆ ಬಂತು, ಇನ್ನೊಂದು ಹೋಳಿಗೆಯೂ ಬಂತು. ಮೊಸರನ್ನದ ಹೊತ್ತಿಗೆ ಬಲಗಾಲು ಎಲ್ಲಿದೆ ಎಂಬುದೇ ಗೊತ್ತಾಗುತ್ತಿಲ್ಲ. ಏಳಲು ಹೋದರೆ ಅದು ಯಾರದೋ ಮರದ ತುಂಡಿನ ಹಾಗಿದೆ. ಆಮೇಲೆ ಶುರುವಾಗುತ್ತದೆ ನೋಡಿ, ಜುಮ್ ಜುಮ್ ಜುಮ್! ಸಾವಿರ ಇರುವೆ ಒಟ್ಟಿಗೆ ಹರಿದ ಹಾಗೆ. ತಮ್ಮನಿಗೆ ಇದು ಗೊತ್ತಾದರಂತೂ ಮುಗಿಯಿತು, ಬೇಕೆಂದೇ ಆ ಕಾಲನ್ನೇ ಮುಟ್ಟಿ ಓಡುತ್ತಾನೆ.

“ಜೋಮು ಹಿಡಿದಿದೆ, ರಕ್ತ ಓಡಾಡಿಲ್ಲ, ಕಾಲು ಕೊಡವು” ಎನ್ನುತ್ತಾರೆ ದೊಡ್ಡವರು. ಅವರ ಮಾತು ಅರ್ಧ ಸರಿ. ಇಡೀ ಕಾಲಿನ ರಕ್ತವೇನೂ ನಿಂತಿರಲಿಲ್ಲ, ಒತ್ತಡಕ್ಕೆ ಸಿಕ್ಕಿದ್ದು ನರ. ನರವೆಂದರೆ ಸಾವಿರಾರು ಸಣ್ಣ ಎಳೆಗಳ ಹುರಿ. ಮಿದುಳಿನ ಮಾತು ಕಾಲಿಗೂ ಕಾಲಿನ ಸುದ್ದಿ ಮಿದುಳಿಗೂ ಅದರಲ್ಲೇ ಹೋಗಿ ಬರಬೇಕು, ಅದೂ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ. ಹುರಿಗೂ ಊಟ ಬೇಕಲ್ಲ? ಅದಕ್ಕೆಂದೇ ಅದರ ಮೈಗೆ ಕೂದಲಿಗಿಂತ ಸಪೂರವಾದ ರಕ್ತನಾಳಗಳು ಅಂಟಿಕೊಂಡಿವೆ. ನೀವು ಕಾಲು ಮಡಚಿ ಕೂತಾಗ ಅವು ಚಪ್ಪಟೆಯಾದವು, ಎಳೆಗಳು ಹಸಿದು ಸುಮ್ಮನಾದವು. ಕಾಲು ಚಾಚಿದ ಕೂಡಲೇ ರಕ್ತ ಬಂತು. ಎದ್ದ ಎಳೆಗಳೆಲ್ಲ ಯಾರೂ ಕೇಳದಿದ್ದರೂ ಒಟ್ಟಿಗೆ ಸುದ್ದಿ ಕಳಿಸತೊಡಗಿದವು. ಆ ಗದ್ದಲವೇ ನಿಮ್ಮ ಇರುವೆ.

ಈಗ ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಕೈಯಾಡಿಸಿ. ಗೋಲಿಯಂಥ ಒಂದು ಮೂಳೆ ಸಿಗುತ್ತದೆ. ಪಾದವನ್ನು ಮೇಲೆತ್ತುವ ನರ ಅದರ ಕೆಳಗೇ ಸುತ್ತಿಕೊಂಡು ಹೋಗುತ್ತದೆ. ಅಲ್ಲಿ ಕೊಬ್ಬಿನ ಮೆತ್ತೆಯಿಲ್ಲ, ಬರೀ ಚರ್ಮವೇ ಕಾವಲು. ಇನ್ನೊಂದು ಇಂಥ ಜಾಗ ಮೊಣಕೈ. ಬಾಗಿಲಿಗೆ ತಾಗಿದರೆ ಕಿರುಬೆರಳಿನ ತನಕ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಅಲ್ಲಿಯೂ ನರ ಮೂಳೆಗೆ ಒರಗಿಕೊಂಡೇ ಇದೆ.

ಹಾಗಾದರೆ ರಾತ್ರಿಯಿಡೀ ಮಲಗಿದರೂ ಈ ನರಗಳಿಗೆ ಏನೂ ಆಗುವುದಿಲ್ಲವೇಕೆ? ಅಮ್ಮನನ್ನು ಕೇಳಿ. ಪೂರ್ವಕ್ಕೆ ತಲೆಯಿಟ್ಟು ಮಲಗಿದವರು ಬೆಳಿಗ್ಗೆ ಪಶ್ಚಿಮಕ್ಕೆ ತಲೆಯಿಟ್ಟು ಏಳುತ್ತೀರಂತೆ. ನೀವು ಮಲಗಿದರೂ ಮೈ ಪೂರ್ತಿ ಮಲಗುವುದಿಲ್ಲ. ಒಂದು ಕಡೆ ಒತ್ತಿತೋ, ಮಗ್ಗುಲು ಬದಲಿಸುತ್ತದೆ.

ಆಸ್ಪತ್ರೆಯ ಐಸಿಯುನಲ್ಲಿ ಕೆಲವರಿಗೆ ಹೀಗೆ ಮಗ್ಗುಲು ಬದಲಿಸಲು ಆಗುವುದಿಲ್ಲ. ಉಸಿರಾಟಕ್ಕೆ ವೆಂಟಿಲೇಟರಿನ ಕೊಳವೆ ಹಾಕಿದಾಗ ಅದು ಹಿಂಸೆಯಾಗದಿರಲೆಂದು ನಿದ್ದೆಯ ಔಷಧ ಕೊಡುತ್ತಾರೆ. ರೋಗಿಯ ಜೊತೆ ಮಗ್ಗುಲು ಬದಲಿಸುವ ಕಾವಲುಗಾರನೂ ಮಲಗಿಬಿಡುತ್ತಾನೆ. ಸಡಿಲವಾದ ಕಾಲು ಹೊರಗೆ ವಾಲುತ್ತದೆ, ಆ ಗೋಲಿ ಹಾಸಿಗೆಗೆ ಒತ್ತಿಕೊಳ್ಳುತ್ತದೆ. ಗಂಟೆಗಟ್ಟಲೆ ಹಾಗೇ ಇದ್ದರೆ ಎಳೆಗಳ ಹೊದಿಕೆ ನಜ್ಜಾಗುತ್ತದೆ, ಕೆಲವೊಮ್ಮೆ ಎಳೆಯೇ ತುಂಡಾಗುತ್ತದೆ. ರೋಗ ವಾಸಿಯಾಗಿ ಎದ್ದವರು ನಡೆಯಹೋದರೆ ಪಾದ ಜೋತು ಬೀಳುತ್ತದೆ, ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲುವುದಿಲ್ಲ.

ಅದಕ್ಕೇ ಐಸಿಯುನ ಸಿಸ್ಟರುಗಳು ಗಡಿಯಾರ ನೋಡಿಕೊಂಡು ರೋಗಿಯ ಮಗ್ಗುಲು ಬದಲಿಸುತ್ತಾರೆ, ಮೊಣಕೈ ಕೆಳಗೆ ಮೆತ್ತನೆಯ ದಿಂಬು ಇಡುತ್ತಾರೆ. ಅದನ್ನು ಕಟ್ಟುನಿಟ್ಟಾಗಿ ಮಾಡಿಸಿದವರಲ್ಲಿ ಒಬ್ಬರು ಲುಡ್ವಿಗ್ ಗುಟ್‌ಮನ್. ಜರ್ಮನಿಯಿಂದ ಇಂಗ್ಲೆಂಡಿಗೆ ಬಂದ ಈ ವೈದ್ಯರು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರನ್ನು ನೋಡಿಕೊಳ್ಳತೊಡಗಿದರು. ಹಗಲಿರಲಿ ರಾತ್ರಿಯಿರಲಿ, ಎರಡು ಗಂಟೆಗೊಮ್ಮೆ ಹೊರಳಿಸಲೇಬೇಕು! ಅವರ ಮೊದಲ ಚಿಂತೆ ಹಾಸಿಗೆಹುಣ್ಣಿನದು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಇವರು ಅಲ್ಲಿ ಶುರುಮಾಡಿದ ಆಟಗಳಿಂದಲೇ, ಆದರೆ ನನಗೆ ಆ ರಾತ್ರಿಪಾಳಿಯೇ ಹೆಚ್ಚು ದೊಡ್ಡದೆನಿಸುತ್ತದೆ.

ಎಷ್ಟು ಜೋಪಾನ ಮಾಡಿದರೂ ಕೆಲವು ಸಲ ತಪ್ಪಿಸಲಾಗದು. 2020ರ ಕೋವಿಡ್ ಕಾಲದಲ್ಲಿ ಶ್ವಾಸಕೋಶ ಸೋತವರನ್ನು ದಿನಕ್ಕೆ 16 ಗಂಟೆಯವರೆಗೂ ಬೋರಲು ಮಲಗಿಸುತ್ತಿದ್ದರು. ಶ್ವಾಸಕೋಶದ ಹೆಚ್ಚಿನ ಭಾಗ ಬೆನ್ನಿನ ಕಡೆಗಿದೆ. ಬೋರಲಾದರೆ ಆ ಭಾಗ ಬಿಚ್ಚಿಕೊಳ್ಳುತ್ತದೆ, ಜೀವ ಉಳಿಯುತ್ತದೆ. ಆದರೆ ಕೈ ತಲೆಯ ಪಕ್ಕಕ್ಕೆ, ಮೊಣಕೈ ಹಾಸಿಗೆಗೆ! ಷಿಕಾಗೋದ ವೈದ್ಯರು ಕೋವಿಡ್ ಗೆದ್ದು ಬಂದ 83 ಮಂದಿಯನ್ನು ಪರೀಕ್ಷಿಸಿದಾಗ 12 ಮಂದಿಗೆ ನರದ ಪೆಟ್ಟು ಕಂಡಿತು, ಅದರಲ್ಲೂ ಮೊಣಕೈ ನರದ್ದೇ ಹೆಚ್ಚು. ಉಸಿರೋ ಬೆರಳೋ ಎಂದರೆ ಯಾರಾದರೂ ಉಸಿರನ್ನೇ ಮೊದಲು ಹಿಡಿದುಕೊಳ್ಳುತ್ತಾರೆ.

ಹೊದಿಕೆ ಮಾತ್ರ ನಜ್ಜಾಗಿದ್ದರೆ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಎಳೆ ತುಂಡಾಗಿದ್ದರೆ ಅದು ಮತ್ತೆ ಬೆಳೆಯಬೇಕು. ಎಷ್ಟು ವೇಗ? ದಿನಕ್ಕೆ ಸುಮಾರು 1 ಮಿಲಿಮೀಟರ್. ಸೆಕೆಂಡಿಗೆ 50 ಮೀಟರ್ ಸುದ್ದಿ ಒಯ್ಯುವ ಎಳೆ, ಬೆಳೆಯುವಾಗ ಬಸವನಹುಳುವಿಗೂ ಸೋಲುತ್ತದೆ! ಮೊಣಕಾಲಿನ ಗೋಲಿಯಿಂದ ಪಾದದ ಮೇಲ್ಭಾಗಕ್ಕೆ ಒಂದೂವರೆ ಗೇಣು ದೂರ. ಲೆಕ್ಕ ಹಾಕಿ, 300 ದಿನ ದಾಟುತ್ತದೆ. ಅಲ್ಲಿಯವರೆಗೆ ಪಾದ ಜೋತುಬೀಳದಂತೆ ಪಟ್ಟಿ ಕಟ್ಟುತ್ತಾರೆ, ಫಿಸಿಯೋಥೆರಪಿಯವರು ದಿನಾ ಪಾದ ಆಡಿಸುತ್ತಾರೆ.

ಚರ್ಮದೊಳಗೆ ಎಳೆ ಎಲ್ಲಿಯವರೆಗೆ ಬಂದಿದೆ ಅಂತ ತಿಳಿಯುವುದು ಹೇಗೆ? 1915ರಲ್ಲಿ, ಮಹಾಯುದ್ಧದ ನಡುವೆ, ಫ್ರಾನ್ಸಿನ ವೈದ್ಯ ಜೂಲ್ ಟಿನೆಲ್ ಗಾಯಾಳು ಸೈನಿಕರಲ್ಲಿ ಅದಕ್ಕೊಂದು ದಾರಿ ಕಂಡುಕೊಂಡರು. ಎದುರಾಳಿ ಜರ್ಮನಿಯ ಪೌಲ್ ಹಾಫ್‌ಮನ್ ಅದೇ ವರ್ಷ ಅದನ್ನೇ ಬರೆದಿದ್ದರು. ನರದ ದಾರಿಯುದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಬರಬೇಕು. ಬೆಳೆಯುವ ಎಳೆಯ ತುದಿಗೆ ತಟ್ಟಿದ ಕೂಡಲೇ ರೋಗಿಗೆ ದೂರದ ಪಾದದ ಮೇಲೆ ಜುಮ್ಮೆನ್ನುತ್ತದೆ. ಟಿನೆಲ್ ಇದಕ್ಕೆ ಫ್ರೆಂಚಿನಲ್ಲಿ ಬಳಸಿದ ಹೆಸರು ಬಂದದ್ದು ಯಾವುದರಿಂದ ಗೊತ್ತೇ? ಇರುವೆಯಿಂದಲೇ!

ಹೋದ ತಿಂಗಳು ಗೋಲಿಯ ಹತ್ತಿರ ತಟ್ಟಿದಾಗ ಜುಮ್ಮೆಂದಿತ್ತು. ಈ ತಿಂಗಳು ಮೂರು ಸೆಂಟಿಮೀಟರ್ ಕೆಳಗೆ. “ಹಾಂ ಡಾಕ್ಟ್ರೇ, ಅಲ್ಲೇ, ಇರುವೆ ಬಂತು!” ಡಾಕ್ಟರು ಅಲ್ಲೊಂದು ಪೆನ್ನಿನ ಗುರುತು ಹಾಕಿ, ತಾರೀಖು ಬರೆದುಕೊಳ್ಳುತ್ತಾರೆ.