ತಿರುವಿನಲ್ಲಿ ಕಾರಿನ ಹದ, ಕೈಯ ಹದ

(ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲುಗಳ ಮಾತು ಬರುವುದು ವಾಡಿಕೆ. ಇಂದು ನಾವು ಆ ವಾಡಿಕೆಯನ್ನು ಬದಿಗಿಟ್ಟು, ಮೋಟಾರು ಕಾರು ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬ ವಿಷಯವನ್ನು ಎತ್ತಿಕೊಂಡಿದ್ದೇವೆ. ಇದಕ್ಕೆ ಕಾರಣವಿದೆ. ನ್ಯೂಜರ್ಸಿಯಲ್ಲಿ ನಮ್ಮ ಮಕ್ಕಳು ಹದಿನೇಳನೆಯ ವಯಸ್ಸಿಗೆ ಒಬ್ಬರೇ ಕಾರು ನಡೆಸತೊಡಗುತ್ತಾರೆ. ಅವರಿಗೆ ಸಿಗ್ನಲ್ಲು, ಪಾರ್ಕಿಂಗು, ವೇಗದ ಮಿತಿ ಎಲ್ಲವನ್ನೂ ಕಲಿಸುತ್ತೇವೆ. ಟೈರು ರಸ್ತೆಯನ್ನು ಎಲ್ಲಿಯವರೆಗೆ ಹಿಡಿದಿರುತ್ತದೆ, ಯಾವಾಗ ಕೈಬಿಡುತ್ತದೆ ಎಂಬುದನ್ನು ಮಾತ್ರ ಕಲಿಸುವುದಿಲ್ಲ. ಮಳೆಯ ರಾತ್ರಿ, ಹೆದ್ದಾರಿಯ ಎಕ್ಸಿಟ್ ರ‍್ಯಾಂಪಿನಲ್ಲಿ ಆ ಪಾಠ ಮೊದಲ ಬಾರಿಗೆ ನಡೆಯಬಾರದು ಎಂಬುದೇ ನಮ್ಮ ಇಂದಿನ ಮಾತಿನ ಉದ್ದೇಶ.

ಆ ಪಾಠಕ್ಕೆ ತಕ್ಕ ಶಾಲೆಯೊಂದು ಇದೆ. ಅದರ ಹೆಸರು ಆಟೋಕ್ರಾಸ್. 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಸಂಸ್ಥೆ ಇದನ್ನು ಸೋಲೋ ಎಂದು ಕರೆಯುತ್ತದೆ. 1973ರಿಂದ ಇದರ ರಾಷ್ಟ್ರೀಯ ಸ್ಪರ್ಧೆಗಳೂ ನಡೆದುಬಂದಿವೆ. ಸಂಸ್ಥೆಯ ಉತ್ತರ ನ್ಯೂಜರ್ಸಿ ಶಾಖೆಯು ಈಸ್ಟ್ ರುದರ್‌ಫರ್ಡ್‌ನ ಮೆಟ್‌ಲೈಫ್ ಕ್ರೀಡಾಂಗಣದ ಪಾರ್ಕಿಂಗ್ ಬಯಲಿನಲ್ಲಿ ಇಂಥ ಸ್ಪರ್ಧೆಗಳನ್ನು ನಡೆಸಿಕೊಂಡು ಬಂದುದುಂಟು. ಬಯಲಿನಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಅಂಕುಡೊಂಕಾದ ಹಾದಿ ಮಾಡುತ್ತಾರೆ. ಪಕ್ಕಪಕ್ಕದಲ್ಲಿ ಓಡುವ ಪೈಪೋಟಿಯಿಲ್ಲ. ಪ್ರತಿಯೊಬ್ಬ ಚಾಲಕನಿಗೂ ಗಡಿಯಾರವೇ ಎದುರಾಳಿ. ಒಂದು ಓಟ ಸುಮಾರು ಒಂದು ನಿಮಿಷದ್ದು. ಒಂದು ಕೋನು ಉರುಳಿದರೆ ಲೆಕ್ಕಕ್ಕೆ 2 ಸೆಕೆಂಡು ಸೇರುತ್ತದೆ. ಹೆಲ್ಮೆಟ್ಟು ಕಡ್ಡಾಯ. ತಪಾಸಣೆಯಲ್ಲಿ ತೇರ್ಗಡೆಯಾದರೆ ಮನೆಯ ಸಾಧಾರಣ ಕಾರೂ ಓಡಬಹುದು. ಎತ್ತರವಾದ ವ್ಯಾನು, ಎಸ್‌ಯುವಿಗಳಿಗೆ ಮಾತ್ರ ಮಗುಚುವ ಭಯದಿಂದ ನಿರ್ಬಂಧಗಳಿವೆ.

ಈಗ ತಿರುವಿನ ಲೆಕ್ಕಕ್ಕೆ ಬರೋಣ. ಒಂದು ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ನಾಲ್ಕು ಅಂಗೈಗಳ ಹಿಡಿತದ ಮೇಲೆ ಇಡೀ ಸಂಸಾರವೇ ಸಾಗುತ್ತದೆ. ಕಾರನ್ನು ತಿರುವಿನಲ್ಲಿ ಹಿಡಿದಿಡಲು ಬೇಕಾದ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 60 ಅಡಿ ತ್ರಿಜ್ಯದ ತಿರುವನ್ನು ಗಂಟೆಗೆ 25 ಮೈಲಿ ವೇಗದಲ್ಲಿ ದಾಟಲು ಕಾರಿನ ತೂಕದ 70 ಪಾಲು ಶೇಕಡದಷ್ಟು ಬಲ ಸಾಕು. 30 ಮೈಲಿಗೆ ಏರಿಸಿದರೆ ಕಾರಿನ ಪೂರ್ಣ ತೂಕದಷ್ಟೇ ಬಲ ಬೇಕು. ಒಣಗಿದ ರಸ್ತೆಯಲ್ಲಿಯೂ ಸಾಧಾರಣ ಟೈರು ಅಷ್ಟನ್ನು ಕೊಡಲಾರದು. ಐದೇ ಮೈಲಿಗಳ ಅಂತರದಲ್ಲಿ ಸುಖಪ್ರಯಾಣವು ಜಾರುಬಂಡಿಯಾಗುತ್ತದೆ. ಒದ್ದೆ ರಸ್ತೆಯಲ್ಲಿ ಈ ಗಡಿ ಇನ್ನೂ ಮೊದಲೇ ಬರುತ್ತದೆ.

ಇನ್ನೊಂದು ನಿಯಮ. ಟೈರಿನ ಹಿಡಿತವು ಒಬ್ಬ ಗೃಹಸ್ಥನ ತಿಂಗಳ ಸಂಬಳದಂತೆ. ಬ್ರೇಕಿಗೆ ಹೆಚ್ಚು ವೆಚ್ಚವಾದರೆ ತಿರುಗುವುದಕ್ಕೆ ಕಡಿಮೆ ಉಳಿಯುತ್ತದೆ. ಎರಡಕ್ಕೂ ಪೂರ್ತಿ ಖರ್ಚು ಮಾಡಹೊರಟವನು ದಿವಾಳಿಯಾಗುತ್ತಾನೆ.

ಭಾರದ ವಿಚಾರ ತಮಗೆ ಪರಿಚಿತವೇ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸಿನೊಳಗೆ ನಿಂತವರೆಲ್ಲ ಹೊರಮಗ್ಗುಲಿಗೆ ವಾಲುವುದನ್ನು ಯಾರು ತಾನೆ ಕಂಡಿಲ್ಲ? ಕಾರಿನಲ್ಲಿಯೂ ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಬ್ರೇಕು ಹಾಕಿದಾಗ ಹಿಂದಿನಿಂದ ಮುಂದಕ್ಕೆ, ಆಕ್ಸಿಲರೇಟರ್ ಒತ್ತಿದಾಗ ಮುಂದಿನಿಂದ ಹಿಂದಕ್ಕೆ. ಆದರೆ ಭಾರ ಇಮ್ಮಡಿಯಾದಾಗ ಟೈರಿನ ಹಿಡಿತ ಇಮ್ಮಡಿಯಾಗುವುದಿಲ್ಲ. ಆದುದರಿಂದ ಒಂದು ಜೋಡಿ ಚಕ್ರಗಳಲ್ಲಿ ಭಾರವೆಲ್ಲ ಒಂದೇ ಚಕ್ರದ ಮೇಲೆ ಬಿದ್ದಷ್ಟೂ ಆ ಜೋಡಿಯ ಒಟ್ಟು ಹಿಡಿತ ತಗ್ಗುತ್ತದೆ. ಮುಂದಿನ ಜೋಡಿ ಮೊದಲು ಸೋತರೆ ಕಾರಿನ ಮೂತಿ ಹೊರಕ್ಕೆ ಜಾರುತ್ತದೆ, ಇದು ಅಂಡರ್‌ಸ್ಟೀರ್. ಹಿಂದಿನ ಜೋಡಿ ಮೊದಲು ಸೋತರೆ ಬಾಲ ಹೊರಕ್ಕೆ ಬೀಸುತ್ತದೆ; ಇದು ಓವರ್‌ಸ್ಟೀರ್.

ಕಾರಿನ ಹದವೆಂದರೆ ಈ ಎರಡರ ನಡುವಣ ಸಮತೋಲ. ಮುಂದಿನ ಆಂಟಿ-ರೋಲ್ ಬಾರನ್ನು ಬಿಗಿಗೊಳಿಸಿದರೆ ಭಾರದ ಸರಿದಾಟದ ಹೆಚ್ಚಿನ ಪಾಲು ಮುಂದಿನ ಚಕ್ರಗಳ ಮೇಲೆ ಬಿದ್ದು ಸಾಮಾನ್ಯವಾಗಿ ಅಂಡರ್‌ಸ್ಟೀರ್ ಹೆಚ್ಚುತ್ತದೆ. ಹಿಂದಿನದನ್ನು ಬಿಗಿಗೊಳಿಸಿದರೆ ಬಾಲ ಚುರುಕಾಗುತ್ತದೆ. ಚಕ್ರದ ಮೇಲ್ಭಾಗವನ್ನು ಕೊಂಚ ಒಳಕ್ಕೆ ವಾಲಿಸಿದರೆ ತಿರುವಿನಲ್ಲಿ ಹೊರಟೈರು ನೆಲಕ್ಕೆ ಸಮನಾಗಿ ಕೂರುತ್ತದೆ. ಗಾಳಿ ಕಡಿಮೆಯಾದರೆ ಟೈರಿನ ಅಂಚು ಮಡಚಿಕೊಳ್ಳುತ್ತದೆ. ಇದನ್ನು ತಿಳಿಯಲು ಸ್ಪರ್ಧಿಗಳು ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದು, ಓಟದ ಬಳಿಕ ಅದು ಎಲ್ಲಿಯವರೆಗೆ ಅಳಿಸಿದೆಯೆಂದು ನೋಡುತ್ತಾರೆ. ಒಂದು ಕಾಸಿನ ಸೀಮೆಸುಣ್ಣ, ಒಳ್ಳೆಯ ಎಕ್ಸ್-ರೇ!

ಗಾಳಿಯ ಒತ್ತಡ ಎಷ್ಟು ದೊಡ್ಡ ಸಂಗತಿಯೆಂಬುದಕ್ಕೆ ಈ ದೇಶದ ಚರಿತ್ರೆಯಲ್ಲಿಯೇ ಸಾಕ್ಷಿಯಿದೆ. 1960ರ ಮಾದರಿಯಾಗಿ ಬಂದ ಷೆವರ್ಲೆ ಕೊರ್ವೇರ್ ಕಾರಿಗೆ ಎಂಜಿನ್ನು ಹಿಂದೆ. ಹಿಂಭಾರದ ಆ ಕಾರಿನ ಮುಂದಿನ ಟೈರುಗಳಿಗೆ 15 ಪೌಂಡು, ಹಿಂದಿನವಕ್ಕೆ 26 ಪೌಂಡು ಗಾಳಿ ಇರಬೇಕೆಂದು ತಯಾರಕರು ವಿಧಿಸಿದ್ದರು. ನಾಲ್ಕಕ್ಕೂ ಒಂದೇ ಸಮನೆ ಗಾಳಿ ತುಂಬಿಸಿದರೆ ಸಮತೋಲ ಕೆಡುತ್ತಿತ್ತು. 1965ರಲ್ಲಿ ರಾಲ್ಫ್ ನೇಡರ್ ಅವರ ಪುಸ್ತಕವು ಈ ಕಾರನ್ನು ಕಟುವಾಗಿ ಟೀಕಿಸಿತು. ಅದೇ ವರ್ಷದ ಮಾದರಿಯಲ್ಲಿ ಹಿಂದಿನ ಚಕ್ರಗಳ ಜೋಡಣೆಯೇ ಬದಲಾಗಿತ್ತು. 1972ರ ಸರ್ಕಾರಿ ವರದಿಯು, ಅದು ತನ್ನ ಕಾಲದ ಇತರ ಕಾರುಗಳಿಗಿಂತ ಕೀಳೇನಲ್ಲ ಎಂದಿತು. ವಾದ ಹೇಗೇ ಇರಲಿ, ಹದವನ್ನು ಪೂರ್ತಿಯಾಗಿ ಟೈರಿನ ಗಾಳಿಗೆ ಒಪ್ಪಿಸಿದರೆ ಅಪಾಯವೆಂಬುದು ಅದರ ಪಾಠ.

ಇನ್ನು ಕೈಯ ಹದ. ಮೊದಲನೆಯದು ಕಣ್ಣು. ದೃಷ್ಟಿ ಎದುರಿನ ಕೋನಿನ ಮೇಲೆ ನೆಟ್ಟರೆ ಕಾರು ಅದರ ಮೇಲೆಯೇ ಹೋಗುತ್ತದೆ. ಮುಂದಿನ ತಿರುವಿನತ್ತ ನೋಡಬೇಕು. ಎರಡನೆಯದು, ತಿರುವಿಗೆ ಮುನ್ನವೇ ವೇಗ ಇಳಿಸುವುದು. ನಿಧಾನವಾಗಿ ಹೊಕ್ಕವನೇ ಬೇಗ ಹೊರಬರುತ್ತಾನೆ. ಮೂರನೆಯದು ಮಾರ್ದವ. ತುಂಬಿದ ಕೊಡ ಹೊತ್ತವಳ ನಡೆಯಂತೆ ಸ್ಟಿಯರಿಂಗು, ಬ್ರೇಕುಗಳ ಬಳಕೆಯಿರಬೇಕು. ಮೂತಿ ಜಾರುತ್ತಿರುವಾಗ ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸುವುದು ವ್ಯರ್ಥ. ಆಕ್ಸಿಲರೇಟರನ್ನು ಕೊಂಚ ಸಡಿಲಿಸಿ, ಸ್ಟಿಯರಿಂಗನ್ನು ಅಷ್ಟಿಷ್ಟು ಹಿಂದಕ್ಕೆ ಬಿಟ್ಟರೆ ಟೈರು ಮತ್ತೆ ಕಚ್ಚುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆದರೆ ಭಾರ ಮುಂದಕ್ಕೆ ಓಡಿ, ಹಗುರಾದ ಬಾಲ ಬೀಸಿಬಿಡಬಹುದು. ರ‍್ಯಾಂಪಿನಲ್ಲಿ ಗಾಬರಿಯಾದ ಹರೆಯದವರು ಸಹಜವಾಗಿ ಮಾಡುವುದು ಇದನ್ನೇ.

ವೈದ್ಯರಾದ ನಮಗೆ ಈ ಆಟದಲ್ಲಿ ರೋಗನಿದಾನದ ಕ್ರಮವೇ ಕಾಣುತ್ತದೆ. ಒಮ್ಮೆಗೆ ಮೂರು ಔಷಧಿ ಬದಲಿಸಿದರೆ ಯಾವುದು ಹಿಡಿಯಿತೆಂದು ತಿಳಿಯದು. ಹಾಗೆಯೇ ಒಂದು ಓಟಕ್ಕೆ ಒಂದೇ ಬದಲಾವಣೆ. ಅದಕ್ಕೂ ಮುನ್ನ ತಪ್ಪು ಕಾರಿನದೋ ಕೈಯದೋ ಎಂದು ವಿಚಾರಿಸಬೇಕು. ಅತಿವೇಗದಲ್ಲಿ ತಿರುವು ಹೊಕ್ಕವನ ಕಾರಿನ ಮೂತಿ ಜಾರಿದರೆ ಆಂಟಿ-ರೋಲ್ ಬಾರಿನ ಮೇಲೆ ದೂರು ಹೇಳುವುದು ಸಲ್ಲದು.

ಕಿರಿಯರಿಗೆ ಇಲ್ಲೊಂದು ಎಚ್ಚರಿಕೆ. ಬಯಲಿನಲ್ಲಿ ಗೆಲ್ಲಿಸುವ ಹದವೇ ರಸ್ತೆಯಲ್ಲಿ ಕಾಯುವ ಹದವಲ್ಲ. ಹಿಂದಿನ ಬಾರನ್ನು ಬಿಗಿಮಾಡಿ ಬಾಲವನ್ನು ಚುರುಕಾಗಿಸಿದ ಕಾರು ಕೋನುಗಳ ನಡುವೆ ಚೆಂದ; ಮಳೆ ಬಿದ್ದ ಟಕೋನಿಕ್ ಪಾರ್ಕ್‌ವೇಯ ಇಕ್ಕಟ್ಟಾದ ತಿರುವಿನಲ್ಲಿ ಅದೇ ಮೃತ್ಯುವಾದೀತು. ಕಾರ್ಖಾನೆಯವರು ಸಾಮಾನ್ಯವಾಗಿ ಮೂತಿಯೇ ಮೊದಲು ಜಾರುವಂತೆ ಕಾರನ್ನು ಹದಮಾಡಿರುವುದು, ಗಾಬರಿಯಾದ ಚಾಲಕನಿಗೆ ಅದು ಹೆಚ್ಚು ಕ್ಷಮೆ ತೋರುತ್ತದೆ ಎಂಬ ಕಾರಣಕ್ಕೆ. ಸ್ಪರ್ಧೆಗೆಂದು ಗಾಳಿಯ ಒತ್ತಡ ಬದಲಿಸಿದವರು ಮನೆಗೆ ಹೊರಡುವ ಮುನ್ನ, ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿರುವ ಅಂಕಿಗೆ ಸರಿಪಡಿಸಿಕೊಳ್ಳಬೇಕು. 2012ರ ಮಾದರಿಯಿಂದೀಚೆಗೆ ಈ ದೇಶದ ಎಲ್ಲ ಹೊಸ ಕಾರುಗಳಲ್ಲಿಯೂ ಜಾರಿಕೆಯನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಕಡ್ಡಾಯವಾಗಿದೆ. ಅದು ಅನೇಕರ ಪ್ರಾಣ ಉಳಿಸುವ ಸಾಧನ, ಸಂದೇಹವಿಲ್ಲ. ಆದರೆ ಇರುವ ಹಿಡಿತವನ್ನು ಅದು ಹಂಚಬಲ್ಲುದೇ ಹೊರತು ಹೊಸ ಹಿಡಿತವನ್ನು ಸೃಷ್ಟಿಸಲಾರದು. ರ‍್ಯಾಂಪಿನ ಹಳದಿ ಫಲಕದಲ್ಲಿ 25 ಎಂದು ಬರೆದಿದ್ದರೆ, ಅದರ ಹಿಂದೆ ವೇಗದ ವರ್ಗದ ಆ ಹಳೆಯ ಲೆಕ್ಕವೇ ನಿಂತಿರುತ್ತದೆ.

ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮಕ್ಕಳಿಗೆ ಕಾರು ಕೊಡುವಾಗ ಒಳ್ಳೆಯ ಟೈರುಗಳನ್ನೂ, ಗಾಳಿ ಅಳೆಯುವ ಒಂದು ಗೇಜನ್ನೂ ಕೊಡಿರಿ. ಸಾಧ್ಯವಾದರೆ ಒಂದು ಭಾನುವಾರ ಆಟೋಕ್ರಾಸಿಗೆ ಕರೆದೊಯ್ಯಿರಿ. ಅಲ್ಲಿ ಓಡುವವರೇ ಸರದಿಯಂತೆ ಬಿದ್ದ ಕೋನುಗಳನ್ನು ಎತ್ತಿನಿಲ್ಲಿಸುತ್ತಾರೆ. ವಿನಯವೂ ಪಾಠದ ಭಾಗವೇ. ಅಲ್ಲಿ ಎಡವಿದವನಿಗೆ ದಂಡ 2 ಸೆಕೆಂಡು. ರಸ್ತೆಯಲ್ಲಿ ಎಡವಿದವರನ್ನು ಎಮರ್ಜೆನ್ಸಿ ಕೊಠಡಿಯಲ್ಲಿ ಎದುರುಗೊಳ್ಳುವ ವೃತ್ತಿ ನಮ್ಮದು. ಈ ಸಭೆಯ ಯಾವ ಮಗುವನ್ನೂ ಅಲ್ಲಿ ಕಾಣುವಂತಾಗದಿರಲಿ.